ಗೇಮ್ ಡಬ್ಬಿಂಗ್‌ನಲ್ಲಿ ‘ಬರುತ್ತಿದ್ದಾರೆ’ ಸರಿಯೋ, ‘ಬರ್ತಿದಾರೆ’ ಸರಿಯೋ?

ಪದಶೋಧ

ಗೇಮ್‌ಗಳಿಗೆ ಕನ್ನಡದಲ್ಲಿ ದನಿ ಕೊಡುವಾಗ ‘ಮಾತಾಡೋ ಹಾಗೇ ಇರ್ಲಿ’ ಎಂಬ ನೆಪದಲ್ಲಿ ವ್ಯಾಕರಣವನ್ನು ಕೈಬಿಡುವುದನ್ನು ನಾನು ಒಪ್ಪುವುದಿಲ್ಲ. ಸಿನಿಮಾದ ಸಂಭಾಷಣೆ ಒಮ್ಮೆ ಕೇಳಿ ಮುಗಿಯುತ್ತದೆ. ಗೇಮ್‌ನ ಒಂದು ಸಾಲು 40 ಗಂಟೆ ಆಡುವವನ ಕಿವಿಗೆ ನೂರಾರು ಸಲ ಬೀಳುತ್ತದೆ. ತಪ್ಪು ರೂಪ ಅಷ್ಟು ಸಲ ಬಿದ್ದರೆ ಅದೇ ಸರಿ ಎಂದು ತಲೆಯಲ್ಲಿ ಕೂತುಬಿಡುತ್ತದೆ. ನಾಲ್ಕು ಪಾತ್ರಗಳ ಒಂದು ತಂಡ ಶತ್ರುಗಳನ್ನು ಎದುರಿಸುವ ಗೇಮ್ ಎಂದುಕೊಳ್ಳಿ. ಸಾಲುಗಳು ಹೀಗಿರಬೇಕು:

‘ಮೂವರು ಶತ್ರುಗಳು ಬಲಗಡೆಯಿಂದ ಬರುತ್ತಿದ್ದಾರೆ.’
‘ನನ್ನ ಗುಂಡುಗಳು ಮುಗಿದಿವೆ.’
‘ಆ ಬಾಗಿಲನ್ನು ತೆರೆಯಬೇಡ.’

ಸಂಖ್ಯೆ, ವಿಭಕ್ತಿ, ಕ್ರಿಯಾಪದ ಎಲ್ಲವೂ ನೆಟ್ಟಗಿವೆ. ಇದರಲ್ಲಿ ಯಾರಿಗೆ ಏನು ಅರ್ಥವಾಗುವುದಿಲ್ಲ? 2007ರ ‘ಪೋರ್ಟಲ್’ ಗೇಮ್‌ನಲ್ಲಿ ಗ್ಲಾಡೋಸ್ ಎಂಬ ಯಂತ್ರ ಪುಸ್ತಕದಂತೆ ಅಚ್ಚುಕಟ್ಟಾದ ವಾಕ್ಯಗಳಲ್ಲಿ ಮಾತಾಡುತ್ತದೆ. ಆ ದನಿಯನ್ನು ಆಡಿದವರು ಇವತ್ತಿಗೂ ಮರೆತಿಲ್ಲ.

ಬೂತ್ ದನಿ

“ಇದರಲ್ಲಿ ಯಾರಿಗೆ ಏನು ಅರ್ಥವಾಗುವುದಿಲ್ಲ?”

ಅರ್ಥ ಆಗುತ್ತೆ ಸಾರ್, ಆದ್ರೆ ಹೊತ್ತಿಗೆ ಸರಿಯಾಗಿ ಆಗಲ್ಲ. ನಿಮ್ಮ ಮೊದಲ್ನೇ ಸಾಲಿನ ಅಕ್ಷರ ಎಣಿಸಿ. ಹದಿನೆಂಟು. ಕೂಗೋ ದನಿಯಲ್ಲಿ ಸೆಕೆಂಡಿಗೆ ಆರು ಅಕ್ಷರ ಅಂತ ಇಟ್ಕೊಂಡ್ರೂ ಪೂರ್ತಿ ಮೂರು ಸೆಕೆಂಡ್. ‘ಬಲಗಡೆ, ಮೂರು ಜನ!’ ಅಂದ್ರೆ ಎಂಟೇ ಅಕ್ಷರ, ಒಂದೂವರೆ ಸೆಕೆಂಡ್ ಒಳಗೆ ಮುಗೀತು. ಇಂಥ ಕೂಗುಸಾಲು, ಅಂದ್ರೆ ‘ಬಾರ್ಕ್’, ಎರಡು ಸೆಕೆಂಡ್ ದಾಟಿದ್ರೆ ಅದು ಮುಗಿಯೋ ಹೊತ್ತಿಗೆ ಶತ್ರು ಇನ್ನೆಲ್ಲೋ ಇರ್ತಾನೆ.

ಗುಂಡು ಹಾರ್ತಿರೋವಾಗ ಯಾವ ಮನುಷ್ಯನೂ ‘ನನ್ನ ಗುಂಡುಗಳು ಮುಗಿದಿವೆ’ ಅನ್ನಲ್ಲ. ‘ಗುಂಡು ಖಾಲಿ!’ ಅಂತಾನೆ. ನಟನ ಕೈಗೆ ಗ್ರಾಂಥಿಕ ಸಾಲು ಕೊಟ್ರೆ ಅವನ ಗಮನ ಮೊದಲು ಉಚ್ಚಾರಣೆಗೆ ಹೋಗುತ್ತೆ, ಭಯ ಆಮೇಲೆ. ಸಾಲಿನ ನಡುವೆ ದನಿ ಚಪ್ಪಟೆ ಆಗುತ್ತೆ. ಐದು ಟೇಕ್ ತಗೊಂಡ್ರೂ ಸರಿಹೋಗಲ್ಲ, ಯಾಕಂದ್ರೆ ತಪ್ಪು ಇರೋದು ಸ್ಕ್ರಿಪ್ಟಲ್ಲಿ. 2018ರ ರೆಡ್ ಡೆಡ್ ರಿಡೆಂಪ್ಷನ್ 2 ನೋಡಿ. ಕಥೆ ನಡೆಯೋದು 1899ರಲ್ಲಿ, ಪಾತ್ರಗಳ ಬಾಯಲ್ಲಿ ಶಾಲೆಯ ಇಂಗ್ಲಿಷ್ ಒಪ್ಪದ ‘ಏಯ್ನ್ಟ್’ (ain't, ಅಂದ್ರೆ ‘ಅಲ್ಲ’, ‘ಇಲ್ಲ’) ಸಲೀಸಾಗಿ ಬರುತ್ತೆ. ಅದನ್ನ ತಿದ್ದಿದ್ರೆ ಆ ಪಾತ್ರಗಳೇ ಸತ್ತುಹೋಗ್ತಿದ್ವು. ಗ್ಲಾಡೋಸ್ ಯಂತ್ರ. ಯಂತ್ರ ಗ್ರಾಂಥಿಕ ಮಾತಾಡಿದ್ರೆ ಸರಿಯಾಗೇ ಕೇಳ್ಸುತ್ತೆ.

ಪದಶೋಧ

“ಬಲಗಡೆ, ಮೂರು ಜನ!”

ಇಲ್ಲಿಯೇ ನೋಡಿ. ‘ಮೂವರು’ ಎಂಬ ಮೂರಕ್ಷರದ ಪದವನ್ನು ತೆಗೆದು ‘ಮೂರು ಜನ’ ಎಂಬ ನಾಲ್ಕಕ್ಷರ ಹಾಕಿದ್ದೀರಿ. ಚಿಕ್ಕದಾಗಬೇಕು ಎಂಬುದೇ ನಿಮ್ಮ ವಾದವಾದರೆ ‘ಬಲಗಡೆ ಮೂವರು!’ ಏಳೇ ಅಕ್ಷರ. ವ್ಯಾಕರಣಶುದ್ಧ ರೂಪವೇ ಇಲ್ಲಿ ಚಿಕ್ಕದು. ಮನುಷ್ಯರನ್ನು ಎಣಿಸಲು ಕನ್ನಡದಲ್ಲಿ ಬೇರೆ ಪದಗಳೇ ಇವೆ: ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಇರುವ ಒಡವೆಯನ್ನು ಬಿಟ್ಟು ಮಾತಾಡುವುದು ಯಾವ ಸಹಜತೆ?

ಆಡಿಯೋ ಗಂಟು

“ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು”

ಆರನೆಯವನು ಬಂದಾಗ? ‘ಆರು ಜನ’ ಅನ್ನಲೇಬೇಕು. ಅಂದರೆ ಕೋಡ್‌ನಲ್ಲಿ ಐದರವರೆಗೆ ಒಂದು ಪಟ್ಟಿ, ಅಲ್ಲಿಂದಾಚೆ ಇನ್ನೊಂದು. ‘ಜನ’ ಹಿಡಿದರೆ ಒಬ್ಬ, ಇಬ್ಬರು ಎರಡನ್ನು ಮಾತ್ರ ಬೇರೆ ಇಟ್ಟರಾಯಿತು, ಮೂರರಿಂದ ಮುಂದೆ ಸಂಖ್ಯೆಯ ಜೊತೆ ‘ಜನ’.

ಆದರೆ ಸಂಖ್ಯೆಯನ್ನು ಬಿಡಿಯಾಗಿ ರೆಕಾರ್ಡ್ ಮಾಡಿ ಸಾಲಿಗೆ ಅಂಟಿಸುವ ಯೋಚನೆ ಇದ್ದರೆ ಅದನ್ನೇ ಬಿಡಿ. 1998ರ ಹಾಫ್-ಲೈಫ್‌ನಲ್ಲಿ ಧ್ವನಿವರ್ಧಕದ ಪ್ರಕಟಣೆಗಳು ಹಾಗೇ ಆದವು, ಒಂದೊಂದು ಪದ ಒಂದೊಂದು ಫೈಲ್, ಯಾವ ಪದದ ಹಿಂದೆ ಯಾವುದು ಎಂದು ಒಂದು ಪಠ್ಯ ಫೈಲ್ ಹೇಳುತ್ತಿತ್ತು. ಅಲ್ಲಿ ನಡೆಯಿತು, ಏಕೆಂದರೆ ಅದು ಯಂತ್ರದ ದನಿ. ಕೂಗುವ ಮನುಷ್ಯನ ಸಾಲಿನಲ್ಲಿ ಅಂಟು ಕೇಳಿಸುತ್ತದೆ. ಕನ್ನಡದಲ್ಲಂತೂ ಪ್ರತ್ಯಯ ಪದಕ್ಕೆ ಮೆತ್ತಿಕೊಂಡೇ ಬರುತ್ತದೆ. ಗೋಪುರಕ್ಕೆ, ಸೇತುವೆಗೆ, ಕಾಡಿಗೆ, ಮೂರಕ್ಕೂ ಬಾಲ ಬೇರೆ. ‘ಕಡೆ’ ಸೇರಿಸಿ ತಪ್ಪಿಸಿಕೊಳ್ಳುತ್ತೇನೆ ಎಂದರೂ ಗೋಪುರದ ಕಡೆ, ಸೇತುವೆಯ ಕಡೆ, ಕಾಡಿನ ಕಡೆ. ಜಾಗ 14 ಇದ್ದು ಆದೇಶ 6 ಇದ್ದರೆ, ಪೂರ್ತಿ ಸಾಲುಗಳಾಗಿ 84 ರೆಕಾರ್ಡ್ ಮಾಡುವುದೇ ಲೇಸು. 20 ತುಂಡುಗಳಲ್ಲಿ ಮುಗಿಸಲು ಹೋದವರಿಗೆ ‘ಗೋಪುರ... ಗೆ ಹೋಗು’ ಸಿಗುತ್ತದೆ. ಅದು ಆಡುಮಾತೂ ಅಲ್ಲ, ಗ್ರಂಥವೂ ಅಲ್ಲ.

ಎಣಿಕೆಯ ಕೂಗಿಗೂ ಇದೇ ಲೆಕ್ಕ. ದಿಕ್ಕು 4, ಸಂಖ್ಯೆ 4 (ಒಬ್ಬ, ಇಬ್ಬರು, ಮೂರು ಜನ, ತುಂಬಾ ಜನ). 16 ಸಾಲು. ಒಂದೇ ಟೇಕ್ ಮರುಕಳಿಸಬಾರದು ಎಂದು ಒಂದೊಂದಕ್ಕೆ 3 ರೂಪಾಂತರ, 48. ನಾಲ್ಕು ಪಾತ್ರಕ್ಕೆ 192. ಹೊಡೆದಾಟದ ನಡುವೆ ಆರು, ಏಳು ಎಂದು ಎಣಿಸುವವರು ಯಾರೂ ಇಲ್ಲ.

ತದ್ಭವ

ಎಲ್ಲರೂ ‘ಜನ’ ಅಂತಿದೀರಿ. ಶತ್ರು ಅಂದ್ರೆ ಯಾರು ಅಂತ ಒಬ್ರೂ ಕೇಳ್ಲಿಲ್ಲ. ಮನುಷ್ಯರಾದ್ರೆ ಮೂವರೋ ಮೂರು ಜನವೋ ಏನೋ ಒಂದು. ಜೊಂಬಿಗಳಾದ್ರೆ? ಆಗ ‘ಮೂರು ಜೊಂಬಿ ಬರ್ತಿವೆ’. ಕನ್ನಡದಲ್ಲಿ ಮನುಷ್ಯವರ್ಗಕ್ಕೆ ಒಂದು ಕ್ರಿಯಾಪದ, ಉಳಿದದ್ದಕ್ಕೆ ಇನ್ನೊಂದು. ಇದು ಗ್ರಾಂಥಿಕದಲ್ಲೂ ಇದೆ, ಆಡುಮಾತಲ್ಲೂ ಇದೆ. ‘ಬರ್ತಿದಾರೆ’ಗೂ ‘ಬರ್ತಿವೆ’ಗೂ ಇರೋ ವ್ಯತ್ಯಾಸವನ್ನ ಓದು ಬರಹ ಬಾರದವರೂ ತಪ್ಪಲ್ಲ. ಹಾಗಾಗಿ ‘ವ್ಯಾಕರಣ ಬೇಕೋ ಆಡುಮಾತು ಬೇಕೋ’ ಅನ್ನೋ ಪ್ರಶ್ನೆಯೇ ಅಡ್ಡದಾರಿ. ಆಡುಮಾತಿಗೂ ವ್ಯಾಕರಣ ಇದೆ.

ಪದಶೋಧ

“ಮೂರು ಜೊಂಬಿ ಬರ್ತಿವೆ”

ಇದು ತಪ್ಪು. ಜೊಂಬಿ ಎರಡು ಕಾಲಿನ ಮೇಲೆ ನಡೆಯುತ್ತದೆ, ಮನುಷ್ಯನ ದೇಹವೇ ಅದು, ಸಾಯುವ ಮುಂಚೆ ಅವನಿಗೊಂದು ಹೆಸರಿತ್ತು. ‘ಮೂವರು ಜೊಂಬಿಗಳು ಬರುತ್ತಿದ್ದಾರೆ’ ಎಂಬುದೇ ಸರಿ.

ತದ್ಭವ

ನಿಮ್ಮ ವಾಕ್ಯವನ್ನೇ ಇನ್ನೊಂದ್ಸಲ ಓದಿ. ‘ಜೊಂಬಿ ಎರಡು ಕಾಲಿನ ಮೇಲೆ *ನಡೆಯುತ್ತದೆ*’ ಅಂತ ಬರ್ದಿದೀರಿ. ‘ನಡೆಯುತ್ತಾನೆ’ ಅಂತ ಬರೀಲಿಲ್ಲ. ವಾದ ಮಾಡೋವಾಗ ಮರೆತ್ರೂ ಕೈ ಸರಿಯಾಗೇ ಬರೀತು.

ಹೆಣ ಬಿತ್ತು. ದೆವ್ವ ಬಂತು. ಪಿಶಾಚಿ ಹಿಡೀತು. ಮನುಷ್ಯನಾಗಿದ್ದವನೇ ಸತ್ತು ದೆವ್ವ ಆದ ಅಂತ ನಂಬೋರೂ ‘ದೆವ್ವ ಬಂದ’ ಅನ್ನಲ್ಲ.

ಪದಶೋಧ

ಚರ್ಚೆಯ ಬರಹದಲ್ಲಿ ಕೈತಪ್ಪಿ ಬಂದ ಒಂದು ಕ್ರಿಯಾಪದವನ್ನು ಹಿಡಿದು ವಾದ ಗೆಲ್ಲಲಾಗದು. ‘ರಾಕ್ಷಸ ಬಂದ’ ಎನ್ನುತ್ತೇವೆ. ರಾಕ್ಷಸನೂ ಮನುಷ್ಯನಲ್ಲ. ಅವನಿಗೆ ಸಲ್ಲುವ ಪುಲ್ಲಿಂಗ ಜೊಂಬಿಗೇಕೆ ಸಲ್ಲದು?

ತದ್ಭವ

ರಾಕ್ಷಸನಿಗೆ ಬುದ್ಧಿ ಇದೆ, ಮಾತಿದೆ, ಜಗಳ ಆಡ್ತಾನೆ, ವರ ಕೇಳ್ತಾನೆ. ಪದದ ರೂಪವೂ ರಾಕ್ಷಸ, ರಾಕ್ಷಸಿ ಅಂತ ಗಂಡು ಹೆಣ್ಣು ಬೇರೆಬೇರೆ. ಜೊಂಬಿಗೆ ಇದ್ಯಾವ್ದೂ ಇಲ್ಲ. ಹಾಗೇ ಮನುಷ್ಯ ಅಂತ ಗೊತ್ತಿದ್ರೂ ‘ಮಗು ಅಳ್ತಿದೆ’ ಅಂತೀವಿ. ದೇಹ ನೋಡಿ ಲಿಂಗ ಕೊಡೋದಲ್ಲ ಕನ್ನಡ.

ಎರಡನೇ ಜಾಯ್‌ಸ್ಟಿಕ್

ಇಬ್ರೂ ಪುಸ್ತಕ ಮುಚ್ಚಿ ಒಂದ್ಸಲ ಆಡೋರ ಕಡೆಯಿಂದ ನೋಡಿ. ಮನುಷ್ಯ ಶತ್ರುವೂ ಜೊಂಬಿಯೂ ಎರಡೂ ಇರೋ ಗೇಮಲ್ಲಿ ‘ಎಡಗಡೆಯಿಂದ ಬರ್ತಿವೆ’ ಅಂತ ಕೇಳಿದ ತಕ್ಷಣ ಕೈ ಹತ್ತಿರದಿಂದ ಹೊಡೆಯೋ ಶಾಟ್‌ಗನ್‌ಗೆ ಹೋಗುತ್ತೆ. ‘ಬರ್ತಿದಾರೆ’ ಅಂದ್ರೆ ಅವರತ್ರ ಬಂದೂಕಿರುತ್ತೆ, ಮೊದಲು ಮರೆಗೆ ಸರೀಬೇಕು. ಶತ್ರು ಹೆಸರು ಹೇಳದೇನೇ ಕ್ರಿಯಾಪದದ ಬಾಲ ಒಂದೇ ಇಷ್ಟು ಸುದ್ದಿ ಕೊಡುತ್ತೆ. ಇಂಗ್ಲಿಷಲ್ಲಿ ಈ ಅನುಕೂಲ ಇಲ್ಲ. ಕನ್ನಡದಲ್ಲಿ ಇದ್ದೂ ಅದನ್ನ ‘ಮೂವರು ಜೊಂಬಿಗಳು ಬರುತ್ತಿದ್ದಾರೆ’ ಅಂತ ಹಾಳು ಮಾಡ್ಬೇಕಾ? ಸಿಟ್ಟು ಬರುತ್ತೆ ನಂಗೆ.

ಬೂತ್ ದನಿ

“ಕ್ರಿಯಾಪದದ ಬಾಲ ಒಂದೇ ಇಷ್ಟು ಸುದ್ದಿ ಕೊಡುತ್ತೆ”

ಕಾಗದದ ಮೇಲೆ ಕೊಡುತ್ತೆ. ಗೇಮ್ ಒಳಗೆ ಆ ಬಾಲವೇ ಮೊದಲು ಕಟ್ ಆಗೋದು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೇಲಿ. ಕೂಗುಸಾಲಿಗೆ ಆದ್ಯತೆ ಇರುತ್ತೆ, ಅದಕ್ಕಿಂತ ಮೇಲಿನದು ಬಂದ್ರೆ ನಡೀತಿರೋ ಸಾಲನ್ನ ಎಂಜಿನ್, ಅಂದ್ರೆ ಗೇಮ್ ನಡೆಸೋ ಸಾಫ್ಟ್‌ವೇರ್, ನಿಲ್ಲಿಸಿಬಿಡುತ್ತೆ. ‘ಎಡಗಡೆಯಿಂದ ಬರ್ತಿ...’ ಗ್ರೆನೇಡ್! ಮುಗೀತು. ‘ದಾರೆ’ನೂ ಇಲ್ಲ, ‘ವೆ’ನೂ ಇಲ್ಲ.

ಕಟ್ ಆಗ್ದೇ ಇದ್ರೂ ಅಷ್ಟೇ. ಉಸಿರು ಕೊನೆ ಆಗೋದೂ ಅಲ್ಲೇ, ದನಿ ಇಳಿಯೋದೂ ಅಲ್ಲೇ. ಮೇಲೆ ಗುಂಡಿನ ಸದ್ದು ಕೂತ್ರೆ ಕೊನೇ ಅಕ್ಷರ ಸಿಗಲ್ಲ.

ಪದಶೋಧ

“ಕೊನೇ ಅಕ್ಷರ ಸಿಗಲ್ಲ”

ಏಕೆ ಸಿಗುವುದಿಲ್ಲ? ನೀವು ನುಂಗಿಸುತ್ತೀರಿ, ಅದಕ್ಕೆ. ‘ಬರುತ್ತಿದ್ದಾರೆ’ಯಲ್ಲಿ ಎರಡು ಒತ್ತಕ್ಷರಗಳಿವೆ, ತ್ತಿ ಮತ್ತು ದ್ದಾ. ಕಿವಿಗೆ ಹಿಡಿ ಸಿಗುವುದೇ ಆ ಒತ್ತಿನಲ್ಲಿ. ‘ಬರ್ತಿದಾರೆ’ ಎಂದು ಎರಡೂ ಒತ್ತುಗಳನ್ನು ಸವೆಸಿ ಆಮೇಲೆ ಕೇಳಿಸುವುದಿಲ್ಲ ಎಂದು ದೂರುತ್ತೀರಿ.

ಬೂತ್ ದನಿ

ಸವೆಸೋರು ನಾವಲ್ಲ, ಮಾತಾಡೋರು. ಕನ್ನಡ ಮಾತಾಡೋ ಕೋಟಿಗಟ್ಟಲೆ ಜನ ಆ ‘ರು’ವಿನ ಉಕಾರ ಬಿಟ್ಟೇ ಮಾತಾಡೋದು. ಅವರೆಲ್ಲ ತಪ್ಪಾ? ನೇರವಾಗಿ ಹೇಳಿ.

ಪದಶೋಧ

ಮಾತಿನಲ್ಲಿ ತಪ್ಪಲ್ಲ. ಮುದ್ರಿಸಿ ಮಾರುವ ಕೃತಿಯಲ್ಲಿ ಅಳತೆ ಬೇರೆ. ಮನುಷ್ಯರಿಗೆ ಬೇರೆ ಸಂಖ್ಯಾಪದ ಎಂಬುದು ನಾನು ಕಟ್ಟಿದ್ದಲ್ಲ. ಕೇಶಿರಾಜನ ಕಾಲಕ್ಕೂ ಇತ್ತು.

ತದ್ಭವ

“ಕೇಶಿರಾಜನ ಕಾಲಕ್ಕೂ ಇತ್ತು”

ಕೇಶಿರಾಜ 13ನೇ ಶತಮಾನದವನು, ಬರೆದದ್ದು ಹಳಗನ್ನಡದ ವ್ಯಾಕರಣ. ಆ ಹಳಗನ್ನಡದಲ್ಲಿ ‘ನೂರ್ವರ್’ ಕೂಡ ಇತ್ತು. ನೀವೋ ಐವರಿಗೇ ನಿಲ್ಲಿಸಿ ಆರನೆಯವನಿಗೆ ‘ಜನ’ ಹಚ್ಚೋದಕ್ಕೆ ತಕರಾರು ತೆಗೀಲಿಲ್ಲ. ಅಂದ್ರೆ ಬಳಕೆ ತಪ್ಪಿದ ರೂಪ ಬಿಡಬಹುದು ಅಂತ ನೀವೂ ಒಪ್ಪಿದೀರಿ. ಎಲ್ಲಿ ಗೆರೆ ಎಳೀಬೇಕು ಅನ್ನೋದಷ್ಟೇ ಜಗಳ. ನೀವು ಎಳೆದ ಗೆರೆಗೆ ಕೇಶಿರಾಜನ ಹೆಸರು ಹಾಕ್ಬೇಡಿ.

ಪದಶೋಧ

ನಾನು ಏನನ್ನೂ ಒಪ್ಪಿಲ್ಲ. ಐವರವರೆಗಿನ ರೂಪಗಳು ಇಂದಿಗೂ ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತವೆ. ಬಳಕೆಯಲ್ಲಿರುವುದನ್ನು ಉಳಿಸಿ ಎಂದರೆ ನೂರ್ವರನ್ನು ಎಬ್ಬಿಸಿ ಎಂದಂತಲ್ಲ. ಜೊಂಬಿಯ ವಿಷಯಕ್ಕೆ ಬನ್ನಿ. ಉತ್ತರ ಕೊಟ್ಟಿಲ್ಲ.

ಕಥೆಕಟ್ಟು

ಜೊಂಬಿಯ ವಿಷಯಕ್ಕೆ ನಾನು ಬರುತ್ತೇನೆ. 2008ರ ಲೆಫ್ಟ್ 4 ಡೆಡ್‌ನಲ್ಲಿ ಅವುಗಳಿಗೆ ‘ಇನ್‌ಫೆಕ್ಟೆಡ್’ ಎಂದೇ ಹೆಸರು, ಅಂದರೆ ಸೋಂಕು ತಗುಲಿದವರು. ಸೋಂಕಿತ ಎಂದರೆ ರೋಗಿ, ರೋಗಿ ಮನುಷ್ಯವರ್ಗ. ಕನ್ನಡಕ್ಕೆ ತರುವಾಗ ‘ಸೋಂಕಿತರು’ ಎಂದಿಟ್ಟರೆ ‘ಬರ್ತಿದಾರೆ’ ಬಿಟ್ಟು ಬೇರೆ ದಾರಿ ಇಲ್ಲ. ‘ಜೊಂಬಿ’ ಎಂದಿಟ್ಟರೆ ‘ಬರ್ತಿವೆ’. ಹಾಗಾಗಿ ಪ್ರಶ್ನೆ ವ್ಯಾಕರಣದಲ್ಲಿ ಬಗೆಹರಿಯುವುದಿಲ್ಲ, ಕಥೆಯಲ್ಲಿ ಬಗೆಹರಿಯುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ತಂಡದಲ್ಲಿರುವ ವೈದ್ಯೆ ಕೊನೆಯವರೆಗೂ ‘ಬರ್ತಿದಾರೆ’ ಎನ್ನಲಿ, ಸೈನಿಕ ಮೊದಲ ದಿನದಿಂದಲೇ ‘ಬರ್ತಿವೆ’ ಎನ್ನಲಿ. ಅವಳಿಗೆ ಅವರಿನ್ನೂ ಮನುಷ್ಯರು, ಅವನಿಗಲ್ಲ. ಯಾರೂ ಭಾಷಣ ಬಿಗಿಯದೆ ಇಬ್ಬರ ಮನಸ್ಸೂ ಗೊತ್ತಾಗುತ್ತದೆ. ವೈದ್ಯೆಯ ಬಾಯಲ್ಲಿ ಮೊದಲ ಸಲ ‘ಬರ್ತಿವೆ’ ಬಂದ ಕ್ಷಣ ಆಡುವವನಿಗೆ ಎದೆ ಝಲ್ಲೆನ್ನಬೇಕು. ಇಂಥದು ಬರೆಯಲು ಸಿಗುವುದು ಈ ಭಾಷೆಯಲ್ಲಿ, ಅದಕ್ಕಾಗಿ ಈ ವ್ಯತ್ಯಾಸವನ್ನು ಯಾರೂ ಸವೆಸಬಾರದು.

ಎಲ್ಲರೂ ಮರೆತ ಇನ್ನೊಂದು ಜಾಗ ಟ್ಯುಟೋರಿಯಲ್ ದನಿ, ಅಂದರೆ ಆಡುವುದನ್ನು ಹೇಳಿಕೊಡುವ ದನಿ. ‘ಬಟನ್ ಒತ್ತಿ’ ಎಂದರೆ ಗೌರವದ ಆದೇಶವೂ ಹೌದು, ‘ಒತ್ತಿದ ಮೇಲೆ’ ಎಂಬ ಅಪೂರ್ಣ ಕ್ರಿಯೆಯೂ ಹೌದು. ‘ಬಟನ್ ಒತ್ತಿ ಹಿಡಿಯಿರಿ’ ಎಂಬ ಸಾಲಿನಲ್ಲಿ ನಟ ‘ಒತ್ತಿ’ಯ ಹತ್ತಿರ ಚೂರು ನಿಂತರೆ ಆಡುವವನು ಒಮ್ಮೆ ಒತ್ತಿ ಕೈ ಎತ್ತುತ್ತಾನೆ, ಬಾಗಿಲು ತೆರೆಯುವುದಿಲ್ಲ. ಅಲ್ಲಿ ‘ಬಟನ್ ಒತ್ತಿಕೊಂಡೇ ಇರಿ’ ಎಂದು ಬರೆಯಬೇಕು.

ಎರಡನೇ ಜಾಯ್‌ಸ್ಟಿಕ್

“ವೈದ್ಯೆ ಕೊನೆಯವರೆಗೂ ‘ಬರ್ತಿದಾರೆ’ ಎನ್ನಲಿ”

ಬೇಡ! ಒಂದೇ ಶತ್ರುವಿಗೆ ಇಬ್ರು ಎರಡು ಥರ ಕೂಗಿದ್ರೆ ಆಡೋನು ಯಾರನ್ನ ನಂಬ್ಬೇಕು? ಕಟ್‌ಸೀನಲ್ಲಿ, ಅಂದ್ರೆ ಆಟ ನಿಂತು ಸಿನಿಮಾ ಥರ ದೃಶ್ಯ ಓಡೋವಾಗ, ನಿಮ್ಮ ಕಥೆ ಏನ್ ಬೇಕಾದ್ರೂ ಇಟ್ಕೊಳ್ಳಿ. ಹೊಡೆದಾಟದ ಕೂಗಲ್ಲಿ ಒಂದು ಶತ್ರುವಿಗೆ ಒಂದೇ ರೂಪ.

ಕಥೆಕಟ್ಟು

ದನಿ ಕೇಳಿದರೆ ಯಾವ ಪಾತ್ರ ಎಂದು ತಿಳಿಯುತ್ತದಲ್ಲ. ನಾಲ್ಕೇ ದನಿಗಳಿರುವಾಗ ಅದು ಕಷ್ಟವೇ ಅಲ್ಲ.

ಎರಡನೇ ಜಾಯ್‌ಸ್ಟಿಕ್

ಅರ್ಧ ಸೆಕೆಂಡಲ್ಲಿ ದನಿ ಗುರುತು ಹಿಡಿದು, ಅವಳ ಮನಸ್ಸು ನೆನಪು ಮಾಡ್ಕೊಂಡು, ಆಮೇಲೆ ಬಂದೂಕು ಬದಲಾಯಿಸೋದಾ? ನೀವು ಬರೀತಿರೋದು ಕಾದಂಬರಿ, ಗೇಮ್ ಅಲ್ಲ.

ಆಡಿಯೋ ಗಂಟು

“ಒಂದು ಶತ್ರುವಿಗೆ ಒಂದೇ ರೂಪ”

ಆ ಒಂದು ರೂಪಕ್ಕೂ ಬೆಲೆ ಇದೆ. ಮನುಷ್ಯರಿಗೆ ಬೇರೆ, ಜೊಂಬಿಗೆ ಬೇರೆ ಎಂದರೆ ಮೇಲೆ ಹೇಳಿದ 192 ಸಾಲು 384 ಆಗುತ್ತದೆ. ‘ಒಬ್ಬ’ ‘ಒಂದು’ ಆಗಬೇಕು, ‘ಇಬ್ಬರು’ ‘ಎರಡು’ ಆಗಬೇಕು. ಅದೂ ಪೂರ್ತಿ ಕೂಗುವ ದನಿಯ ಸಾಲುಗಳು. ಕೂಗು, ನೋವಿನ ಸದ್ದು, ಸಾವಿನ ಸದ್ದು ಇವನ್ನು ದಿನದ ಕೊನೆಗೆ ಇಟ್ಟುಕೊಳ್ಳಬೇಕು. ಮೊದಲೇ ಮಾಡಿಸಿದರೆ ಗಂಟಲು ಒಡೆದು ಆಮೇಲಿನ ಮೆಲುದನಿಯ ಸಾಲೆಲ್ಲ ಬೇರೆಯವರದ್ದಾಗಿ ಕೇಳಿಸುತ್ತದೆ. ಅಮೆರಿಕದ ನಟರ ಸಂಘ 2016ರ ಅಕ್ಟೋಬರ್‌ನಲ್ಲಿ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದಾಗ ಎತ್ತಿದ ಬೇಡಿಕೆಗಳಲ್ಲಿ ಗಂಟಲಿನ ಆಯಾಸವೂ ಒಂದಾಗಿತ್ತು. 192 ಕೂಗನ್ನು ಸುಮ್ಮನೆ ಎರಡು ಪಟ್ಟು ಮಾಡುವ ಮುಂಚೆ ಯೋಚಿಸಿ.

ನಿಜವಾಗಿ ಜೀವ ತೆಗೆಯುವುದು ಬೇರೆ ಜೋಡಿಗಳು. ‘ಹೋಗ್ಬೇಡ’, ‘ಹೋಗ್ಬೇಕು’: ಕೊನೆಯ ಒಂದು ಅಕ್ಷರದಲ್ಲಿ ಅರ್ಥ ತಿರುವುಮುರುವು. ಗದ್ದಲದಲ್ಲಿ ‘ಹೋಗ್ಬೇ...’ ಅಷ್ಟೇ ಉಳಿಯುತ್ತದೆ. ‘ಹಿಂದೆ’, ‘ಮುಂದೆ’: ಮೊದಲ ಅಕ್ಷರ ಬಿಟ್ಟರೆ ಎರಡೂ ಒಂದೇ. ವಾಕಿಟಾಕಿ ಎಫೆಕ್ಟ್ ಎಂದು ಸುಮಾರು 300ರಿಂದ 3,400 ಹರ್ಟ್ಸ್ ನಡುವಿನದನ್ನು ಮಾತ್ರ ಉಳಿಸಿ ಮೇಲೆ ಗೊರಗೊರ ಹಾಕಿದರೆ ‘ಹಿ’ಯ ಉಸಿರು ಮೊದಲು ಹೋಗುತ್ತದೆ. ಎಡಿಟ್ ಮಾಡುವವರು ಸಾಲಿನ ತಲೆಯನ್ನು ಒತ್ತಿ ಕತ್ತರಿಸಿದರೆ ಇನ್ನೂ ಕಷ್ಟ. ತಲೆಯಲ್ಲಿ 20 ಮಿಲಿಸೆಕೆಂಡಾದರೂ ಬಿಡಬೇಕು, ‘ಬಲ’ದ ‘ಬ’ ಸಿಡಿಯುವುದು ಅಲ್ಲೇ.

ಹಾಗಾಗಿ ಬೇಡ ಎನ್ನುವುದು ಮೊದಲು ಬರಲಿ: ‘ಬೇಡ! ಬಾಗಿಲು ಮುಟ್ಬೇಡ!’ ಹಿಂದೆ ಎನ್ನುವ ಬದಲು ‘ಬೆನ್ನ ಹಿಂದೆ’, ಮುಂದೆ ಎನ್ನುವ ಬದಲು ‘ಎದುರಿಗೆ’. ದಿಕ್ಕು ಮೊದಲು, ಉಳಿದದ್ದು ಆಮೇಲೆ. ಕಟ್ ಆದರೂ ದಿಕ್ಕು ತಲುಪಿರುತ್ತದೆ. ಇದರಲ್ಲಿ ಗ್ರಾಂಥಿಕವೂ ಗೆಲ್ಲಲಿಲ್ಲ, ಆಡುಮಾತೂ ಗೆಲ್ಲಲಿಲ್ಲ.

ಪದಶೋಧ

“ಹೋಗ್ಬೇಡ, ಹೋಗ್ಬೇಕು”

‘ಹೋಗಬೇಡ’ ಎಂದು ಬಿಡಿಸಿ ಹೇಳಿದರೆ ಈ ಗೊಂದಲವೇ ಇಲ್ಲ.

ಆಡಿಯೋ ಗಂಟು

ಇದೆ. ‘ಹೋಗಬೇಡ’, ‘ಹೋಗಬೇಕು’. ವ್ಯತ್ಯಾಸ ಈಗಲೂ ಕೊನೆಯ ಅಕ್ಷರದಲ್ಲೇ. ನಡುವೆ ಒಂದು ಅಕಾರ ಬಂತು, ಅಷ್ಟು ಹೊತ್ತು ತಡವಾಯಿತು.

ಬೂತ್ ದನಿ

“ಆಡುಮಾತೂ ಗೆಲ್ಲಲಿಲ್ಲ”

ಗೆಲ್ತು ಸಾರ್. ನೀವು ಬರೆದಿರೋ ‘ಬಾಗಿಲು ಮುಟ್ಬೇಡ’ ಯಾವ ಪುಸ್ತಕದ ಕನ್ನಡ? ‘ಬಾಗಿಲನ್ನು’ ಎಲ್ಹೋಯ್ತು?

ಆದ್ರೆ ಆಡುಮಾತು ಅಂದ್ರೆ ನಟನಿಗೆ ‘ನಿಂಗೆ ಹೇಗೆ ಬರುತ್ತೋ ಹಾಗೆ ಹೇಳು’ ಅಂತ ಬಿಡೋದಲ್ಲ, ಅದನ್ನೂ ಹೇಳ್ತೀನಿ. ಸ್ಕ್ರಿಪ್ಟಲ್ಲಿ ‘ಬರುತ್ತಿದ್ದಾರೆ’ ಇಟ್ಟು ಬೂತಲ್ಲಿ ಸಡಿಲ ಮಾಡಿಸಿದ್ರೆ ಒಬ್ಬ ‘ಬರ್ತಿದಾರೆ’ ಅಂತಾನೆ, ಇನ್ನೊಬ್ಬ ‘ಬರ್ತಾ ಇದಾರೆ’, ಮೂರನೆಯವನು ‘ಬರ್ತಾವ್ರೆ’. ತಿಂಗಳಾದ್ಮೇಲೆ ಪಿಕಪ್‌ಗೆ, ಅಂದ್ರೆ ಬಿಟ್ಟುಹೋದ, ಬದಲಾದ ಸಾಲುಗಳ ರೆಕಾರ್ಡಿಂಗ್‌ಗೆ, ಕೂತಾಗ ಅದೇ ನಟ ತಾನು ಏನು ಹೇಳಿದ್ದೆ ಅಂತ ಮರೆತಿರ್ತಾನೆ. ಹಳೇ ಸಾಲಿನ ಪಕ್ಕ ಹೊಸದು ಬಂದಾಗ ಪಾತ್ರವೇ ಬದಲಾದ ಹಾಗೆ. ಬಾಯಲ್ಲಿ ಹೇಗೆ ಬರ್ಬೇಕೋ ಹಾಗೇ ಬರೆದಿರ್ಬೇಕು. ಸಾಲಿನ ಪಕ್ಕ ಫೈಲ್ ಹೆಸರು, ಹಿಂದಿನ ಸಾಲು ಯಾವ್ದು, ಎಷ್ಟು ದೂರಕ್ಕೆ ಮಾತಾಡ್ತಿದಾನೆ (ಪಿಸುಮಾತು, ಮಾಮೂಲು, ಕೂಗು), ಗರಿಷ್ಠ ಎಷ್ಟು ಸೆಕೆಂಡ್. ಕಟ್‌ಸೀನ್‌ಗೆ ಮೂಲದ ಅವಧಿಗಿಂತ ಶೇ. 10ರಷ್ಟು ಆಚೀಚೆ ಆಗ್ಬಹುದು ಅಂದ್ರೆ ಅದೂ ಬರ್ದಿರ್ಬೇಕು. ತುಟಿ ಕಾಣೋ ಹತ್ತಿರದ ಶಾಟಾದ್ರೆ ಪ, ಬ, ಮ ಎಲ್ಲಿ ಬೀಳುತ್ತೆ ಅಂತ ನೋಡಿ ಬರೀಬೇಕು, ತುಟಿ ಮುಚ್ಚೋದು ಆ ಅಕ್ಷರಗಳಲ್ಲೇ.

ಟೆಸ್ಟರ್ 404

“ಬಾಯಲ್ಲಿ ಹೇಗೆ ಬರ್ಬೇಕೋ ಹಾಗೇ ಬರೆದಿರ್ಬೇಕು”

ಅದೇ ಸಾಲು ಸಬ್‌ಟೈಟಲ್ ಆಗುತ್ತದೆ, ಆಗ ಏನು ಮಾಡುತ್ತೀರಿ? ಕಿವಿ ಕೇಳಿಸದವರು ಆಡುವುದು ಅದನ್ನು ನೋಡಿಯೇ. ದನಿ ‘ಬರ್ತಿದಾರೆ’ ಎಂದು ತೆರೆಯ ಮೇಲೆ ‘ಬರುತ್ತಿದ್ದಾರೆ’ ಬಂದರೆ ಅರ್ಧಂಬರ್ಧ ಕೇಳಿಸುವವರಿಗೆ ತುಂಬ ತೊಡಕು, ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು. ದನಿಯಂತೆಯೇ ಬರೆದರೆ ಕಾಗುಣಿತಕ್ಕೆ ಒಂದು ಒಪ್ಪಿತ ರೂಪ ಇಲ್ಲ: ಬರ್ತಿದಾರೆ, ಬರ್ತಿದ್ದಾರೆ, ಬರ್ತಾ ಇದ್ದಾರೆ. ಒಂದೇ ಗೇಮ್‌ನಲ್ಲಿ ಮೂರೂ ಇದ್ದರೆ ದೋಷ ಹುಡುಕುವವರು ಯಾವುದನ್ನು ತಪ್ಪೆಂದು ಬರೆಯಬೇಕು? ಮೊದಲ ಸಾಲು ಬರೆಯುವ ಮುಂಚೆಯೇ ಹೆಚ್ಚು ಬಳಸುವ ಒಂದು ನಲವತ್ತು ಕ್ರಿಯಾರೂಪಗಳಿಗೆ ಒಂದೊಂದೇ ಕಾಗುಣಿತ ಎಂದು ಪಟ್ಟಿ ಕಟ್ಟಬೇಕು, ಅದನ್ನು ಬಿಟ್ಟು ಯಾರೂ ಬರೆಯಬಾರದು.

ಪದಶೋಧ

“ಅದನ್ನು ಬಿಟ್ಟು ಯಾರೂ ಬರೆಯಬಾರದು”

ಅಂದರೆ ನಿಯಮ ಬೇಕು. ಮೊದಲಿನಿಂದ ನಾನು ಹೇಳುತ್ತಿರುವುದೂ ಇದನ್ನೇ. ಆಡುಮಾತಿಗೆ ನಲವತ್ತು ಸಾಲಿನ ಹೊಸ ವ್ಯಾಕರಣ ಕಟ್ಟುವ ಬದಲು ಇರುವುದನ್ನೇ ಬಳಸಿ, ಅದಕ್ಕೆ ಪಟ್ಟಿಯೇ ಬೇಕಿಲ್ಲ.

ಬೂತ್ ದನಿ

ಇಲ್ಲ ಸಾರ್, ನೀವು ಹೇಳ್ತಿದ್ದದ್ದು ‘ನನ್ನ ಗುಂಡುಗಳು ಮುಗಿದಿವೆ’. ಅದು ಮೇಲೆ ಹಾಗೇ ಇದೆ, ಎಲ್ಲರಿಗೂ ಕಾಣುತ್ತೆ.

ನಿರ್ವಾಹಕ

ಪದಶೋಧ, ತದ್ಭವ ಇಬ್ಬರೂ ಬರೆದ ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಕನ್ನಡ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬ ಮಾತು ಇಲ್ಲಿ ಬೇಡ. ಗೇಮ್ ದನಿಯ ಬಗ್ಗೆ ಮಾತ್ರ ಬರೆಯಿರಿ.

ಆಡಿಯೋ ಗಂಟು

ಜೊಂಬಿ ಜಗಳಕ್ಕೆ ಹೊರದಾರಿ ಇದೆ. ಕೂಗುಸಾಲಿನಲ್ಲಿ ಕ್ರಿಯಾಪದವೇ ಬೇಡ. ‘ಜೊಂಬಿ! ಎಡಗಡೆ!’ ಆರು ಅಕ್ಷರ. ‘ಸ್ನೈಪರ್! ಗೋಪುರದ ಮೇಲೆ!’ ಸ್ನೈಪರ್ ಗಂಡೋ ಹೆಣ್ಣೋ, ಬಂದನೋ ಬಂದಳೋ, ಯಾವುದೂ ಏಳುವುದಿಲ್ಲ. ಕ್ರಿಯಾಪದವಿಲ್ಲದ ವಾಕ್ಯ ಕನ್ನಡಕ್ಕೆ ಹೊಸದೂ ಅಲ್ಲ, ‘ಇದು ಮನೆ’ ಎನ್ನುವಾಗ ಕ್ರಿಯಾಪದ ಎಲ್ಲಿದೆ? ವ್ಯಾಕರಣಕ್ಕೂ ಸರಿ, ಬಾಯಿಗೂ ಸರಿ, 384 ಮತ್ತೆ 192ಕ್ಕಿಂತ ಕೆಳಗೆ ಇಳಿಯುತ್ತದೆ. ಆಡುವಾಗ ಈ ಸಾಲಿನ ಹೊತ್ತಿಗೆ ಸಂಗೀತವನ್ನು 4ರಿಂದ 6 ಡೆಸಿಬೆಲ್ ತಗ್ಗಿಸಿದರೆ ಕೊನೆಯ ‘ಡೆ’ವರೆಗೂ ಕೇಳಿಸುತ್ತದೆ.

ಕಥೆಕಟ್ಟು

“ಕ್ರಿಯಾಪದವೇ ಬೇಡ”

ಆಗ ವೈದ್ಯೆಯೂ ಸೈನಿಕನೂ ಒಂದೇ ಥರ ಮಾತಾಡುತ್ತಾರೆ. ಕೂಗುಸಾಲಿಗೆ ಇರಲಿ, ಆದರೆ ಕೂಗು ನಿಂತು ತಂಡ ಉಸಿರು ತೆಗೆದುಕೊಳ್ಳುವ ಹೊತ್ತಿನ ಮಾತು ಇದೆಯಲ್ಲ, ಅಲ್ಲಿ ‘ಎಷ್ಟು ಜನ ಇದಾರೆ’, ‘ಎಷ್ಟಿವೆ’ ಎರಡನ್ನೂ ಬಿಟ್ಟುಕೊಡುವುದಿಲ್ಲ.

ತದ್ಭವ

ಆಡಿಯೋ ಗಂಟು ಅವರೇ, ಸಂಖ್ಯೆ ಬಿಟ್ಟು ಬರ್ದಿದೀರಿ. ಎಷ್ಟು ಜೊಂಬಿ ಅನ್ನೋದು ಆಡೋನಿಗೆ ಬೇಡ್ವಾ? ಒಂದಿದ್ರೆ ಹೊಡೀತಾನೆ, ಮೂರಿದ್ರೆ ಓಡ್ತಾನೆ. ‘ಮೂರು ಜೊಂಬಿ! ಎಡಗಡೆ!’ ಅಂತ ಬರೀರಿ, ಎಂಟು ಅಕ್ಷರದಲ್ಲಿ ಆಗುತ್ತೆ.

ಪದಶೋಧ

‘ಮೂವರು’ ಎಂದರೆ ಒಂಬತ್ತು. ಒಂದು ಅಕ್ಷರಕ್ಕೆ ಯಾವ ಶತ್ರುವೂ ತಪ್ಪಿಸಿಕೊಂಡು ಹೋಗುವುದಿಲ್ಲ.

ಎರಡನೇ ಜಾಯ್‌ಸ್ಟಿಕ್

ಮೂವರು ಅಂತ ಕೇಳಿದ್ರೆ ನಾನು ಮರೆಗೆ ಹೋಗ್ತೀನಿ, ಅವು ಮೈಮೇಲೆ ಬೀಳ್ತವೆ. ಮೇಲೆ ಆಗ್ಲೇ ಹೇಳಿದೀನಿ ಯಾಕೆ ಅಂತ, ಓದಿ.